ಗೆದ್ದ ಜರ್ಕಿನ್

ಅಂಗಿಯ ಎಡತೋಳಿಗೆ ಹೊಲಿದಿದ್ದ ವಿಮಾ ಕಂಪನಿಯ ಹೆಸರಿನ ಬಟ್ಟೆಪಟ್ಟಿ ಅರ್ಧ ಬಿಚ್ಚಿಯಾಗಿತ್ತು. ದಾಜೊಂಗ್ ಕೊಕ್ಕೆಯ ತುದಿಯನ್ನು ಒಂದು ಹೊಲಿಗೆಯ ಕೆಳಗೆ ತೂರಿಸಿ, ದಾರ ಎತ್ತಿ, ಕತ್ತರಿಸಿ, ಮುಂದಿನದಕ್ಕೆ ಹೋಗುತ್ತಿದ್ದಳು. ಬೆಳಗಿನ ಏಳು ಗಂಟೆ. ಮೆಟ್ಟಿಲು ಹತ್ತಿ ಬಂದ ಬೊಕ್ಸುನ್ ಅಕ್ಕ ತನ್ನ ಅಂಗಡಿಯ ಷಟರು ಮೊಣಕಾಲೆತ್ತರಕ್ಕೆ ತೆರೆದಿದ್ದು ಕಂಡು, ಕೈಯಲ್ಲಿದ್ದ ಛತ್ರಿಯನ್ನು ದೊಣ್ಣೆಯ ಹಾಗೆ ಹಿಡಿದು ಬಗ್ಗಿ ಒಳಗೆ ನೋಡಿದಳು.

"ಅಯ್ಯೋ ನಿನ್ ಮನೆ ಹಾಳಾಗ! ಕಳ್ಳ ಹೊಕ್ಕಿದಾನೆ ಅಂದ್ಕೊಂಡೆ."

ಅಂದವಳು ನಾಲಿಗೆ ಕಚ್ಚಿಕೊಂಡಳು. ಛತ್ರಿಯನ್ನು ಮೂಲೆಗಿಟ್ಟು, ದಾಜೊಂಗ್‌ಳ ಎದುರಿಗೆ ಕೂತಳು.

"ನಿನ್ನೆ ತಾನೇ ಗಂಡನ್ನ ಬೂದಿ ಮಾಡಿ ಬಂದಿದೀಯ. ಇವತ್ತು ಕೆಲಸಕ್ಕೆ ಬರ್ತಾರೇನೇ ಯಾರಾದ್ರೂ?"

"ಮನೇಲಿ ಕೂತು ಏನ್ಮಾಡ್ಲಿ ಅಕ್ಕ."

"ಅಳು. ಮಲ್ಕೊ. ಎಲ್ರೂ ಏನ್ಮಾಡ್ತಾರೋ ಅದನ್ನ ಮಾಡು."

"ನಲವತ್ತು ಅಂಗಿ ಬಾಕಿ ಇದೆ."

ದೊಂಗ್‌ದೆಮುನ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಮೂರನೇ ಮಹಡಿಯ ಆ ಅಂಗಡಿಗೆ ಇದ್ದದ್ದು ಒಂದೇ ಕೆಲಸ. ಗಾಲ್ಫ್ ಆಟಗಾರರ ಬಟ್ಟೆಗೆ ಕಂಪನಿಗಳ ಪಟ್ಟಿ ಹೊಲಿಯುವುದು, ಬಿಚ್ಚುವುದು. ಎದೆಗೆ ಬ್ಯಾಂಕು, ತೋಳಿಗೆ ವಿಮೆ, ಕಾಲರಿಗೆ ಕಾರು, ಕ್ಯಾಪಿನ ಹಣೆಗೆ ಯಾರ ಕೈ ದೊಡ್ಡದೋ ಅವರು. ನವೆಂಬರ್ ಕೊನೆಯೆಂದರೆ ಬಿಚ್ಚುವ ಸುಗ್ಗಿ. ಒಪ್ಪಂದ ಮುಗಿದ ಹೆಸರುಗಳೆಲ್ಲ ಮೇಜಿನ ಕೆಳಗಿನ ಡಬ್ಬಕ್ಕೆ ಬೀಳುತ್ತಿದ್ದವು. ದಾಜೊಂಗ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ವಸ್ತ್ರವಿನ್ಯಾಸ ಓದಿದ್ದಳು. ಏಳು ವರ್ಷದಿಂದ ಇಲ್ಲಿ ಕೂತು ಬೇರೆಯವರ ಎದೆಗೆ ಬೇರೆಯವರ ಹೆಸರು ಹೊಲಿಯುತ್ತಿದ್ದಳು.

ಅವಳ ಗಂಡ ಗ್ಯುತೇಯೂ ಪ್ರೊ, ಗಾಲ್ಫನ್ನೇ ವೃತ್ತಿ ಮಾಡಿಕೊಂಡವನು. ಎರಡನೇ ದರ್ಜೆಯ ಟೂರಿನಲ್ಲಿ, ಅಂದರೆ ವರ್ಷವಿಡೀ ನಡೆಯುವ ಪಂದ್ಯಗಳ ಸಾಲಿನಲ್ಲಿ, ಹನ್ನೊಂದು ವರ್ಷ ಆಡಿದ. ಕೊನೆಯ ಎರಡು ವರ್ಷ ಅವನ ಕ್ಯಾಪಿನ ಹಣೆ ಬೋಳು. ಬೋಳು ಕ್ಯಾಪಿನವನ ಹಿಂದೆ ಕ್ಯಾಮೆರಾ ಹೋಗುವುದಿಲ್ಲ. ಅವನು ಹೊಡೆದ ಚೆಂಡು ಎಲ್ಲಿ ಬಿತ್ತೆಂದು ಯಾರೂ ಕೇಳುವುದಿಲ್ಲ.

ಮೇಜಿನ ಮೇಲಿದ್ದ ಫೋನು ಮಿಣುಕಿತು. ಹಾರಿಮ್. ಗ್ಯುತೇಗಿಂತ ಹನ್ನೆರಡು ವರ್ಷ ಚಿಕ್ಕವನು, ಅಕ್ಟೋಬರಿನಲ್ಲಿ ಮೊದಲ ದರ್ಜೆಯ ಟೂರಿನಲ್ಲಿ ಗೆದ್ದು ಟೀವಿಯಲ್ಲಿ ಅತ್ತವನು.

'ಅತ್ತಿಗೆ, ಊಟ ಮಾಡಿದ್ರಾ? ಇಂಥ ಹೊತ್ತಲ್ಲಿ ಕೇಳಬಾರದು, ಕ್ಷಮಿಸಿ. ಅಣ್ಣ ನನ್ನ ಹತ್ರ ಒಂದು ನೀಲಿ ಜರ್ಕಿನ್ ತಗೊಂಡಿದ್ರು, ತೋಳಿಲ್ಲದ್ದು. ಕಂಪನಿಯವರು ಈ ವರ್ಷ ಕೊಟ್ಟಿದ್ದನ್ನೆಲ್ಲ ವಾಪಸ್ ಕೇಳ್ತಿದಾರೆ. ಸಿಕ್ಕಿದ್ರೆ ಮಾತ್ರ. ಏನೂ ಅವಸರ ಇಲ್ಲ.'

ಎರಡು ನಿಮಿಷ ಬಿಟ್ಟು ಇನ್ನೊಂದು ಬಂತು.

'ಶುಕ್ರವಾರದೊಳಗೆ ಆದ್ರೆ ಒಳ್ಳೇದು.'

ಬೊಕ್ಸುನ್ ಅಕ್ಕ ಕತ್ತು ಚಾಚಿ ಓದಿದಳು. "ಥೂ! ಬೂದಿ ಆರಿಲ್ಲ ಇನ್ನೂ."

"ಕೊಡ್ಬೇಕಾದ್ದು ಕೊಡ್ಬೇಕಲ್ಲ ಅಕ್ಕ."

ಜರ್ಕಿನ್ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಅಪಘಾತವಾದ ಕಾರಿನ ಹಿಂಭಾಗದಲ್ಲಿ ಸಿಕ್ಕಿದ್ದನ್ನೆಲ್ಲ ಪೊಲೀಸರು ಒಂದು ಚೀಲಕ್ಕೆ ಹಾಕಿ ಕೊಟ್ಟಿದ್ದರು. ನಾಲ್ಕು ದಿನದಿಂದ ಅದು ಮನೆಯ ಬಾಗಿಲ ಹಿಂದೆ ಇತ್ತು. ಅವಳು ಬಿಚ್ಚಿರಲಿಲ್ಲ.

ಆ ಜರ್ಕಿನ್ ಬಗ್ಗೆ ಗಂಡನಿಗೆ ಅವಳು ಒಂದು ಮಾತು ಹೇಳಿದ್ದಳು, ಅವನು ಕೊನೆಯ ಆಟಕ್ಕೆ ಹೊರಡುವ ಹಿಂದಿನ ಸಂಜೆ. ಆ ಮಾತನ್ನು ಅವನು ಮನೆಯಲ್ಲೇ ಬಿಟ್ಟು ಹೋದನೋ, ಕೊನೆಯ ಕುಳಿಯವರೆಗೂ ಹೊತ್ತುಕೊಂಡು ಹೋದನೋ. ಅವಳಿಗೆ ತಿಳಿಯಬೇಕಿದ್ದದ್ದು ಅದೊಂದೇ. ಕೇಳೋಣವೆಂದರೆ ಅವನಿಲ್ಲ.

*

ಅದಕ್ಕೆ ಎರಡು ದಿನ ಮುಂಚೆ, ಭಾನುವಾರ ಬೆಳಿಗ್ಗೆ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವನಿಗೆ ಸೆಣಬಿನ ಬಟ್ಟೆ ತೊಡಿಸಿದರು. ತೊಡಿಸುವವನು ವಯಸ್ಸಾದವನು, ಮೃದುವಾದ ಕೈಯವನು. ಕಾಲು, ಸೊಂಟ, ಎದೆ ಮುಗಿಸಿ ಕೈಗಳಿಗೆ ಬಂದಾಗ ತಡೆದ.

"ಇದೇನಮ್ಮ, ಒಂದು ಕೈ ಬೇರೆ ಯಾರದ್ದೋ ಇದ್ದ ಹಾಗಿದೆಯಲ್ಲ?"

ಬಲಗೈ ಸುಟ್ಟ ಗೆಣಸಿನ ಬಣ್ಣ. ಎಡಗೈ ಮಣಿಕಟ್ಟಿನಿಂದ ಕೆಳಗೆ ಹಾಲಿನ ಹಾಗೆ ಬೆಳ್ಳಗೆ.

"ಗ್ಲೌಸು," ಎಂದಳು ಅತ್ತೆ. ಮೊಕ್ಪೋದಿಂದ ರಾತ್ರಿಯ ರೈಲಿಗೆ ಬಂದವಳು ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. ಈಗ ಬೆನ್ನು ನೆಟ್ಟಗಾಯಿತು. "ಎಡಗೈಗೆ ಮಾತ್ರ ಹಾಕೋದು. ನನ್ನ ಮಗ ಪ್ರೊ."

ಮೇಲಿನ ಕೋಣೆಯಲ್ಲಿ ಸೇವಂತಿಗೆಗಳ ನಡುವೆ ಅವನ ಫೋಟೊ ಇತ್ತು. ಮನೆಯಲ್ಲಿದ್ದ ಫೋಟೊಗಳಲ್ಲೆಲ್ಲ ಅವನು ಕ್ಯಾಪ್ ಹಾಕಿದ್ದ. ಅಲ್ಲಿನವರು ಕಂಪ್ಯೂಟರಿನಲ್ಲಿ ಕ್ಯಾಪ್ ತೆಗೆದು, ತಲೆಗೂದಲು ಕೊಟ್ಟು, ಅವನು ಎಂದೂ ತೊಡದ ಕಪ್ಪು ಕೋಟು ತೊಡಿಸಿದ್ದರು. ಹಣೆ ಕೆನ್ನೆಯಷ್ಟೇ ಕಂದಾಗಿತ್ತು. ಗ್ಯುತೇಯ ಹಣೆ ಹಾಗಿರಲಿಲ್ಲ. ಹುಬ್ಬಿನಿಂದ ಒಂದು ಬೆರಳು ಮೇಲಕ್ಕೆ ಕಂದು ನಿಂತು, ಅಲ್ಲಿಂದ ಮೊಟ್ಟೆಯ ಚಿಪ್ಪಿನ ಹಾಗೆ ಬಿಳಿ. ಅದನ್ನು ದಿನವೂ ಕಂಡವಳು ಅವಳೊಬ್ಬಳೇ.

ಮಧ್ಯಾಹ್ನದ ಹೊತ್ತಿಗೆ ಆಟಗಾರರು ಬರತೊಡಗಿದರು.

ಗ್ಯುತೇಗೆ ಮೂರು ವರ್ಷದಿಂದ 'ಅದು' ಇತ್ತು. ಅದರ ಹೆಸರನ್ನು ಆಟಗಾರರು ಹೇಳುವುದಿಲ್ಲ, ಹೇಳಿದವನಿಗೂ ಬರುತ್ತದೆಂಬ ಭಯ. ಕಾಯಿಲೆಯಲ್ಲ, ವೈದ್ಯರಿಗೆ ಅದು ಕಾಣುವುದಿಲ್ಲ. ಮುನ್ನೂರು ಗಜ ದೂರಕ್ಕೆ ಹೊಡೆಯುವಾಗ ಏನೂ ಇಲ್ಲ. ಚೆಂಡು ಕುಳಿಯಿಂದ ಎರಡು ಅಡಿಗೆ ಬಂದು ನಿಂತಾಗ, ಮಗು ಕೂಡ ಕಾಲಲ್ಲಿ ತಳ್ಳಿ ಹಾಕಬಹುದಾದ ದೂರದಲ್ಲಿ, ಅವನು ಚೆಂಡನ್ನು ಕುಳಿಗೆ ತಳ್ಳುವ ಕೋಲು, ಪಟರ್, ಹಿಡಿದು ನಿಲ್ಲುತ್ತಿದ್ದ. ನಿಂತೇ ಇರುತ್ತಿದ್ದ. ಕೊನೆಗೆ ಬಲಗೈ ನೀರಿನಿಂದ ತೆಗೆದ ಮೀನಿನ ಹಾಗೆ ಒಮ್ಮೆ ಮಿಡುಕುತ್ತಿತ್ತು. ಚೆಂಡು ಎಲ್ಲಿಗೋ ಹೋಗುತ್ತಿತ್ತು. ಅವನು ಹಾಗೆ ನಿಂತಾಗ ಜೊತೆಯ ಆಟಗಾರರು ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ನೋಡಿದರೆ ಕಣ್ಣಿನಿಂದ ಕೈಗೆ ಇಳಿಯುತ್ತದಂತೆ.

ಈಗ ಒಬ್ಬೊಬ್ಬರೇ ಶೂ ಬಿಚ್ಚಿ ಒಳಗೆ ಬಂದರು. ಹೂವಿಟ್ಟರು, ಊದುಬತ್ತಿ ಹಚ್ಚಿದರು, ಎರಡು ಸಲ ಅಡ್ಡಬಿದ್ದರು. ಎದ್ದು ನಿಂತಾಗ ಹೂವನ್ನು ನೋಡಿದರು, ಹೊಗೆಯನ್ನು ನೋಡಿದರು, ದಾಜೊಂಗ್‌ಳ ಕಪ್ಪು ಬಟ್ಟೆಯನ್ನೂ ತಲೆಯ ಬಿಳಿ ಪಿನ್ನನ್ನೂ ನೋಡಿದರು. ಫೋಟೊದ ಎದುರಿಗೆ ಬರುವಾಗ ಮಾತ್ರ ಮುಖಗಳು ತಾವಾಗಿಯೇ ಪಕ್ಕಕ್ಕೆ ತಿರುಗಿದವು. ಒಬ್ಬನದಲ್ಲ, ಎಲ್ಲರದೂ. ಬೇಕೆಂದು ಮಾಡಿದ್ದಲ್ಲ. ಮೂರು ವರ್ಷದ ರೂಢಿ.

ಮನೆಯವರು ಸ್ವಲ್ಪ ಒರಗಲೆಂದು ಪಕ್ಕದಲ್ಲಿ ಒಂದು ಕಿರುಕೋಣೆಯಿತ್ತು. ಎರಡು ಗಂಟೆಗೆ ಅತ್ತೆ ಅವಳನ್ನು ಅಲ್ಲಿಗೆ ಕಳಿಸಿದಳು. ಕಾಗದದಷ್ಟು ತೆಳುವಾದ ಜಾರುಬಾಗಿಲಿನ ಆಚೆ, ಊಟದ ಮಣೆಗಳ ಹತ್ತಿರ, ಆಟಗಾರರು ದನದ ಮಾಂಸದ ಖಾರದ ಸಾರು, ಸೋಜು ಹೆಂಡ ಮುಂದಿಟ್ಟುಕೊಂಡು ಕೂತಿದ್ದರು. ದೊಡ್ಡ ದನಿ ಯಾಂಗ್ ಪ್ರೊನದು. ಟೂರಿನ ಹಳೆ ಹುಲಿ, ನಲವತ್ತಾರು ವರ್ಷ.

"ಕೊನೆಗೂ ನಮ್ಮ ಗ್ಯುತೇಗೆ ಸ್ಪಾನ್ಸರ್ ಸಿಕ್ಕಿದ್ರು ನೋಡ್ರಪ್ಪಾ."

"ಶ್, ಅಣ್ಣಾ."

"ಏನು ಶ್? ಬಾಗಿಲಲ್ಲಿ ಆಳೆತ್ತರದ ಹೂವಿನ ಚಕ್ರ ನಿಂತಿದೆ. ಮೇಲೆ ಕಂಪನಿ ಹೆಸ್ರು, ಕೆಳಗೆ ಅವನ ಹೆಸ್ರು. ಬದುಕಿದ್ದಾಗ ಒಂದು ಗ್ಲೌಸು ಕೊಟ್ಟಿರ್ಲಿಲ್ಲ ನನ್ಮಕ್ಳು. ಯಾರು ಹೇಳಿ ಕಳಿಸಿದ್ದು, ನೀನಾ ಹಾರಿಮ್?"

"ಹೂಂ. ನಮ್ಮ ಕಂಪನಿಯವರಿಗೆ ಒಂದು ಮಾತು ಹೇಳ್ದೆ."

"ಪುಣ್ಯ ಬರ್ಲಿ. ಹಾಕು ಇನ್ನೊಂದು ಲೋಟ."

ಯಾರೋ ಕೇಳಿದರು: "ಅವತ್ತು ಕೊನೇ ದಿನ ನೀವು ಅವನ ಜೊತೇಲೇ ಆಡಿದ್ರಲ್ವಾ?"

ಗುನ್ಸಾನ್‌ನ ಮಾತು. ಪ್ರತಿ ನವೆಂಬರಿನಲ್ಲಿ, ಉಪ್ಪಿನ ಗದ್ದೆಗಳನ್ನು ಮುಚ್ಚಿ ಮಾಡಿದ ಆ ಮೈದಾನದಲ್ಲಿ, ಮೇಲಿನ ಟೂರಿಗೆ ಹತ್ತಲು ನಾಲ್ಕು ದಿನದ ಪಂದ್ಯ. ಗ್ಯುತೇ ಒಂಬತ್ತನೆಯ ಸಲ ಹೋಗಿದ್ದ.

"ಆಡ್ದೆ. ಹದಿನೇಳನೇ ಕುಳಿ ತನಕ ಹುಲಿ ಥರ ಆಡ್ದ ಕಣ್ರೋ. ತಮಾಷೆ ಅಲ್ಲ. ಪ್ರತಿ ಪಟ್‌ಗೂ ಮುಂಚೆ ಕೈನ ಹೀಗೆ, ಎಡಗಡೆ ಎದೆ ಮೇಲೆ ಇಟ್ಕೊಳ್ಳೋನು. ಬೆರಳಲ್ಲಿ ಏನೋ ಸವರೋನು. ನಾನು ಕೇಳ್ದೆ, ಏನೋ ಇದು, ರಾಷ್ಟ್ರಗೀತೆ ಶುರು ಮಾಡ್ಲಾ ಅಂತ."

ನಗು ಎದ್ದಿತು. ಸಾವಿನ ಜಾಗವೆಂದು ನೆನಪಾಗಿ ಅರ್ಧಕ್ಕೆ ತಗ್ಗಿತು.

"ಆಮೇಲೆ?"

"ಆಮೇಲೇನು. ಹದಿನೆಂಟು, ಕೊನೇ ಕುಳಿ. ಎರಡಡಿ. ಹಾಕಿದ್ರೆ ಮೇಲಿನ ಟೂರು, ತಪ್ಪಿದ್ರೆ ಮನೆ. ಕೈ ಎದೆ ಮೇಲಿಟ್ಟ. ತೆಗೆದ. ಮತ್ತೆ ಇಟ್ಟ. ಬಗ್ಗಿ ನೋಡ್ಕೊಂಡ ಎದೇನ, ಏನೋ ಕಚ್ಚಿದ ಹಾಗೆ. ನಾನು ಅಷ್ಟೊತ್ತಿಗೆ ಸಮುದ್ರದ ಕಡೆ ತಿರುಗ್ಬಿಟ್ಟಿದ್ದೆ. ನಂಗೂ ಹೆಂಡ್ತಿ ಮಕ್ಳು ಇದಾರಪ್ಪ. ಪಟರ್ ತಾಗಿದ ಸದ್ದು ಕೇಳ್ತು. ಚೆಂಡು ಬಿದ್ದ ಸದ್ದು ಕೇಳ್ಲಿಲ್ಲ."

ಯಾಂಗ್ ಪ್ರೊ ಸಾರಿನ ಬಟ್ಟಲಿಗೆ ಚಮಚ ಹಾಕಿದ.

"ಹಾರಿಮ್, ಅವತ್ತು ಅವನು ಹಾಕಿದ್ದು ನಿನ್ನ ಗೆದ್ದ ಜರ್ಕಿನ್ ಅಲ್ವಾ? ವಾಪಸ್ ತಗೋಬೇಡ. ಅದಕ್ಕೂ ಅಂಟಿರತ್ತೆ."

"ಗೆದ್ದದ್ದು ಕಂಪನಿ ಅಂಗಡೀಲಿ ಗಾಜಿನ ಪೆಟ್ಟಿಗೆ ಒಳಗಿದೆಯಣ್ಣ. ಗೆದ್ದ ಮಾರನೇ ದಿನವೇ ಬಂದು ತಗೊಂಡ್ಹೋದ್ರು, ಪಟ್ಟಿ ಸಮೇತ."

"ಮತ್ತೆ?"

"ಒಂದೇ ಥರದ್ದು ಮೂರು ಕೊಟ್ಟಿದ್ರು. ಗ್ಯುತೇ ಅಣ್ಣ ಬಂದು ಎರಡೂ ಕೈ ಹಿಡ್ಕೊಂಡ್ಬಿಟ್ರು, ಗುನ್ಸಾನ್ ಮುಗಿಯೋ ತನಕ ಕೊಡು ಅಂತ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಪಟ್ಟಿ ಬಿಚ್ಚಿಸಿದೀನಿ ಅಂತ ಹೇಳಿ ಇನ್ನೊಂದು ಕೊಟ್ಟೆ. ಬಟ್ಟೆ ಒಂದೇ ಅಲ್ವಾ. ಮನಸ್ಸು ಮುಖ್ಯ."

"ಮನಸ್ಸು ಮುಖ್ಯ!" ಯಾಂಗ್ ಪ್ರೊಗೆ ಸಾರು ನೆತ್ತಿಗೇರಿತು. ಕೆಮ್ಮಿದ, ನಕ್ಕ, ಮತ್ತೆ ಕೆಮ್ಮಿದ. ಯಾರೋ ಬೆನ್ನು ತಟ್ಟಿದರು.

ಬಾಗಿಲ ಈಚೆ ದಾಜೊಂಗ್ ಕಾಲು ಚಾಚಿ ಕೂತಿದ್ದಳು. ಅವಳಿಗೆ ಇದು ಹೊಸ ಸುದ್ದಿಯಲ್ಲ.

ಸಂಜೆ ಐದಕ್ಕೆ ಜೂ ಕೋಚ್ ಬಂದ. ಆಟ ಕಲಿಸುವವನಲ್ಲ, ಮನಸ್ಸಿಗೆ ಪಾಠ ಹೇಳುವವನು. ಟೂರಿನ ಅರ್ಧ ಜನ ಅವನ ಹತ್ತಿರ ಹೋಗುತ್ತಿದ್ದರು, ಹೋಗುವುದಿಲ್ಲವೆಂದು ಹೇಳಿಕೊಳ್ಳುತ್ತಿದ್ದರು. ಗ್ಯುತೇಯ ಕೈಯಲ್ಲಿ ಅವನು 'ನನ್ನ ಕೈ ನನ್ನದು' ಎಂದು ದಿನಕ್ಕೆ ನೂರು ಸಲ ಬರೆಸುತ್ತಿದ್ದ. ಮನೆಯಲ್ಲಿ ಅಂಥ ಹದಿನಾಲ್ಕು ನೋಟ್‌ಬುಕ್ಕುಗಳಿದ್ದವು.

"ಗುರುವಾರ ಸಂಜೆ ನಂಗೆ ಫೋನ್ ಮಾಡಿದ್ರು," ಎಂದ ಅವನು, ಅವಳ ಎದುರು ಮಂಡಿಯೂರಿ. "ಗುನ್ಸಾನ್‌ನ ಲಾಡ್ಜಿಂದ. ಮೂರು ವರ್ಷದಲ್ಲಿ ಮೊದಲ ಸಲ ನಗ್ತಾ ಮಾತಾಡಿದ್ರು. ಏನೋ ಒಂದು ಸರಿ ಇರ್ಲಿಲ್ಲ, ಈಗ ನಾನೇ ಸರಿ ಮಾಡ್ಕೊಂಡೆ ಅಂದ್ರು. ಏನು ಅಂತ ಕೇಳ್ದೆ. ಹೇಳಿದ್ರೆ ಹೋಗ್ಬಿಡತ್ತೆ ಅಂದ್ರು."

"ಏನು ಸರಿ ಇರ್ಲಿಲ್ಲವಂತೆ?"

"ಹೇಳ್ಲಿಲ್ಲ. ಆದ್ರೆ ತಾನೇ ಸರಿ ಮಾಡ್ಕೊಳ್ಳೋದು ಬಹಳ ದೊಡ್ಡ ಹೆಜ್ಜೆ. ನೀವು ಹೆಮ್ಮೆ ಪಡ್ಬೇಕು."

"ಊಟ ಮಾಡ್ಕೊಂಡು ಹೋಗಿ," ಎಂದಳು ದಾಜೊಂಗ್.

*

ಅದರ ಹಿಂದಿನ ಭಾನುವಾರ ಸಂಜೆ ಅವನು ಜರ್ಕಿನ್ ತೊಟ್ಟುಕೊಂಡೇ ಊಟಕ್ಕೆ ಕೂತಿದ್ದ. ವಾರದಿಂದ ಮನೆಯೊಳಗೂ ಅದನ್ನು ಬಿಚ್ಚುತ್ತಿರಲಿಲ್ಲ. ಕಿಮ್ಚಿ ಸಾರು ಸಿಡಿಯದಿರಲೆಂದು ಕುತ್ತಿಗೆಗೆ ಟವೆಲು ಕಟ್ಟಿಕೊಂಡಿದ್ದ.

"ಇದು ಹಾಕ್ಕೊಂಡ ಮೇಲೆ ಕೈ ಹಗುರ ಆಗಿದೆ ಕಣೇ. ಹಾರಿಮ್ ಇದ್ರಲ್ಲಿ ಕೊನೇ ಒಂಬತ್ತು ಕುಳೀಲಿ ಒಂದೂ ತಪ್ಪಿಸ್ಲಿಲ್ಲ. ಟೀವೀಲಿ ನೀನೂ ನೋಡಿದ್ಯಲ್ಲ."

ನೋಡಿದ್ದಳು. ಹಾರಿಮ್ ಗೆದ್ದ ಆ ವಾರ ಅವನಿಂದ ಅಂಗಡಿಗೆ ಬಂದದ್ದು ಒಂದೇ ಜರ್ಕಿನ್. ಅದರ ಎಡ ಎದೆಗೆ ಪಟ್ಟಿ ಹೊಲಿದವಳು ಅವಳೇ. ಗಾಳಿ ನುಗ್ಗದಂತೆ ಒಳಗೆ ಲೇಪ ಕೊಟ್ಟ ಬಟ್ಟೆ. ಹತ್ತಿಯಲ್ಲಿ ಬಿದ್ದ ಸೂಜಿಯ ತೂತು ಒಮ್ಮೆ ಒಗೆದರೆ ಮುಚ್ಚಿಕೊಳ್ಳುತ್ತದೆ. ಇದರಲ್ಲಿ ಬಿದ್ದದ್ದು ಮುಚ್ಚುವುದಿಲ್ಲ. ಅದಕ್ಕೇ ಆ ಬಟ್ಟೆ ಬಂದಾಗ ಬೊಕ್ಸುನ್ ಅಕ್ಕ, ತಪ್ಪಿ ಚುಚ್ಚಿದ್ರೆ ಕೈ ಕಡೀತೀನಿ ಎನ್ನುತ್ತಿದ್ದಳು. ಗಂಡ ಈ ಜರ್ಕಿನ್ ತಂದ ದಿನವೇ ದಾಜೊಂಗ್ ಅದನ್ನು ಮಡಿಚುವಾಗ ಎಡ ಎದೆಯ ಮೇಲೆ ಬೆರಳಾಡಿಸಿದ್ದಳು. ಗಾಜಿನ ಹಾಗೆ ನುಣುಪು. ವಾರವೆಲ್ಲ ಸುಮ್ಮನಿದ್ದಳು.

ಊಟವಾದ ಮೇಲೆ ಅವನು ಜಮಖಾನದ ತುದಿಯಲ್ಲಿ ಲೋಟ ಮಲಗಿಸಿ ಪಟ್ ಮಾಡತೊಡಗಿದ. ಅವಳು ಮನೆಗೆ ಹೊತ್ತು ತಂದ ಅಂಗಿಗಳನ್ನು ಹೊಲಿಗೆ ಮಿಷನ್ನಿಗೆ ಕೊಟ್ಟಳು.

"ಸ್ವಲ್ಪ ನಿಲ್ಲಿಸ್ತೀಯಾ? ಆ ಸದ್ದಿಗೆ ಕೈ ಹೆದರ್ಕೊಳತ್ತೆ."

"ಬೆಳಿಗ್ಗೆ ಕೊಡ್ಬೇಕು ಇದು."

"ಒಂದು ಗಂಟೆ. ಜೀವನದ ಪ್ರಶ್ನೆ ಕಣೇ."

ಒಂಬತ್ತು ಗುನ್ಸಾನ್. ಒಂಬತ್ತು ಸಲವೂ ಜೀವನದ ಪ್ರಶ್ನೆ. ಅವಳು ಮಿಷನ್ ನಿಲ್ಲಿಸಿ ಎದ್ದು ಬಂದಳು. ಅವನ ಜರ್ಕಿನ್ನಿನ ಜಿಪ್ ಎಳೆದು, ಎಡಭಾಗವನ್ನು ದೀಪದ ಕಡೆಗೆ ಹಿಡಿದಳು.

"ನೋಡು. ಒಂದು ತೂತಾದ್ರೂ ಕಾಣತ್ತಾ?"

"ಏನದು?"

"ಗೆದ್ದ ಜರ್ಕಿನ್‌ಗೆ ಪಟ್ಟಿ ಹೊಲ್ದಿದ್ದು ನಾನು. ಬಿಚ್ಚಿದ್ರೆ ಸುತ್ತ ತೂತು ಉಳಿಯತ್ತೆ. ಇದಕ್ಕೆ ಸೂಜಿನೇ ತಾಗಿಲ್ಲ. ಇದು ಅದಲ್ಲ. ನಿನ್ನ ಕೈಗೆ ಏನೋ ಒಂದು ಕೊಟ್ಟು ಸಾಗಹಾಕಿದಾನೆ. ಸೂಜಿ ಹಿಡಿಯೋಳ ಗಂಡ, ನಿಂಗೆ ಗೊತ್ತಾಗ್ಬೇಕಿತ್ತು."

ಹೇಳುವಾಗ ಅವಳಿಗೆ ಹಿತವಾಯಿತು, ಬಹಳ ದಿನದಿಂದ ತುರಿಸುತ್ತಿದ್ದ ಜಾಗವನ್ನು ಉಗುರಿನಿಂದ ಕೆರೆದ ಹಾಗೆ.

ಅವನು ಬಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿದ. ತಿರುಗಿಸಿ ನೋಡಿದ. ಸಿಟ್ಟು ಮಾಡಲಿಲ್ಲ.

"ಹೌದಲ್ಲ," ಎಂದ. "ಹೊಳೀಲೇ ಇಲ್ಲ ನಂಗೆ." ಜಿಪ್ ಏರಿಸಿಕೊಂಡು, "ನೀನು ಮಿಷನ್ ಹಾಕು, ಪರವಾಗಿಲ್ಲ."

ಅವಳು ಮಿಷನ್ ಹಾಕಿದಳು. ಆಮೇಲೆ ಲೋಟಕ್ಕೆ ಚೆಂಡು ಬಿದ್ದ ಸದ್ದು ಬಂತೋ ಇಲ್ಲವೋ, ಮಿಷನ್ನಿನ ಗದ್ದಲದಲ್ಲಿ ಕೇಳಿಸಲಿಲ್ಲ.

ಬೆಳಿಗ್ಗೆ ಅವಳು ಹಲ್ಲುಜ್ಜುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತಿದ್ದ. ಜರ್ಕಿನ್ ತೊಟ್ಟಿದ್ದ. "ನಿನ್ನ ಡಬ್ಬಿಯಿಂದ ಒಂದು ಸೂಜಿ ತಗೊಂಡಿದೀನಿ. ಪ್ಯಾಂಟಿನ ಗುಂಡಿ ಸಡಿಲ ಆಗಿದೆ."

ಬಾಯಿತುಂಬ ನೊರೆ. "ಹೂಂ," ಎಂದಳು.

*

ಸೋಮವಾರ ಸುಡುಗಾಡಿನ ಕಟ್ಟಡದಲ್ಲಿ ಅವನ ಸರದಿ ಹತ್ತೂವರೆಗೆ ಬಂತು. ಗೋಡೆಯ ಪರದೆಯ ಮೇಲೆ ಹೆಸರುಗಳ ಪಟ್ಟಿ, ಪ್ರತಿ ಹೆಸರಿನ ಎದುರು ಕುಲುಮೆಯ ಸಂಖ್ಯೆ. ಅವನದು ಮೇಲಿನಿಂದ ಎರಡನೆಯದು. ಪಂದ್ಯದ ಅಂಕಪಟ್ಟಿಯಲ್ಲಿ ಅವನ ಹೆಸರು ಅಷ್ಟು ಮೇಲೆ ಬಂದದ್ದನ್ನು ಅವಳು ಕಂಡಿರಲಿಲ್ಲ.

ಎರಡು ಗಂಟೆ ಕಾಯಬೇಕಿತ್ತು. ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಂದಿದ್ದ ಕಿತ್ತಳೆ ಸುಲಿದಳು. ಅರ್ಧ ಸೊಸೆಗೆ ಕೊಟ್ಟಳು.

"ಬಟ್ಟೆ ಎಲ್ಲ ಸುಡಿಸ್ಬಿಡು. ಒಂದು ನೂಲು ಮನೇಲಿ ಇಟ್ಕೋಬೇಡ. ಇನ್ನೂ ಚಿಕ್ಕವಳು ನೀನು."

"ಹೂಂ."

"ಯಾರದ್ದಾದ್ರೂ ಕಡ ತಂದಿದ್ರೆ ಕೊಟ್ಬಿಡು. ಸತ್ತೋರು ಬೇರೆಯವರ ವಸ್ತು ಹಿಡ್ಕೊಂಡು ಅಲೀಬಾರ್ದು."

"ಹೂಂ."

"ಪೊಲೀಸಿನವ್ನು ಹೇಳ್ದ. ಸೊಸಾನ್ ಹತ್ರ ಹೆದ್ದಾರೀಲಿ ನಿದ್ದೆ ಮಂಪರು ಅಂತೆ. ಬ್ರೇಕ್ ಹಾಕೇ ಇಲ್ವಂತೆ." ಅತ್ತೆ ಕಿತ್ತಳೆಯ ಬಿಳಿ ನಾರನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. "ಸೋತು ಬರೋದು ಅವನಿಗೆ ಹೊಸದಲ್ಲ. ಎಂಟು ಸಲ ಸೋತು ಬಂದಾಗ್ಲೂ ನಂಗೆ ಫೋನ್ ಮಾಡಿದಾನೆ, ಅಮ್ಮ ಹಸಿವು ಅಂತ. ಈ ಸಲ ಮಾಡ್ಲಿಲ್ಲ. ಹೊರಡೋ ಮುಂಚೆ ನೀನೇನಾದ್ರೂ ಅಂದ್ಯಾ ಅವನಿಗೆ?"

"ಇಲ್ಲ ಅತ್ತೆ."

ಅತ್ತೆ ಅವಳನ್ನೇ ನೋಡಿದಳು. ಆಮೇಲೆ ತನ್ನ ಪಾಲಿನ ಕಿತ್ತಳೆಯನ್ನೂ ಅವಳ ಕೈಗಿಟ್ಟಳು.

"ತಿನ್ನು. ಮುಖ ಬಾಡಿದೆ."

*

ಮಂಗಳವಾರ ಮಧ್ಯಾಹ್ನ, ನಲವತ್ತರಲ್ಲಿ ಇಪ್ಪತ್ತಾರು ಅಂಗಿ ಮುಗಿದ ಮೇಲೆ, ದಾಜೊಂಗ್ ಮನೆಗೆ ಹೋಗಿ ಪೊಲೀಸರ ಚೀಲ ಬಿಚ್ಚಿದಳು.

ಒಂದು ಗ್ಲೌಸು. ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಬೋಳು ಕ್ಯಾಪು. ಎಲ್ಲಕ್ಕಿಂತ ಕೆಳಗೆ ಜರ್ಕಿನ್, ಅವಳು ಕಲಿಸಿದ ಹಾಗೆಯೇ ಎರಡು ಬದಿ ಒಳಕ್ಕೆ ಮಡಿಚಿಟ್ಟದ್ದು. ಕಾಲರಿನ ಒಳಗಡೆ ಒಂದು ಸೂಜಿ ಚುಚ್ಚಿತ್ತು. ದಾರವಿಲ್ಲ. ಅವಳ ಡಬ್ಬಿಯದೇ.

ಜರ್ಕಿನ್ ಬಿಡಿಸಿದಳು. ಎಡ ಎದೆಯ ಮೇಲೆ ತೂತುಗಳಿದ್ದವು.

ಕಿಟಕಿಯ ಹತ್ತಿರ ಒಯ್ದು ಬೆಳಕಿಗೆ ಹಿಡಿದಳು. ಒಂದು ಆಯತ, ಬೆಂಕಿಪೊಟ್ಟಣದಷ್ಟು ಅಗಲಕ್ಕೆ, ಅದರ ಎರಡರಷ್ಟು ಉದ್ದಕ್ಕೆ. ಪಟ್ಟಿಯ ಸರಿಯಾದ ಅಳತೆ. ಮೇಲಿನ ಸಾಲು ಗೆರೆ ಎಳೆದ ಹಾಗೆ ನೇರ, ಇಂಚಿಗೆ ಎಂಟು ತೂತು. ಮಿಷನ್ನಿನ ಲೆಕ್ಕ ಅದು, ಏಳು ವರ್ಷ ಪಕ್ಕದಲ್ಲಿ ಕೂತು ನೋಡಿದ್ದ. ಬಲಬದಿ ಇಳಿಯುತ್ತ ಸಾಲು ಸೊಟ್ಟವಾಗಿತ್ತು. ಕೆಳಗಿನ ಸಾಲಿನಲ್ಲಿ ಎರಡು ತೂತು ಒಂದರ ಮೇಲೊಂದು ಬಿದ್ದಿದ್ದವು. ಇನ್ನೊಂದು ಕಡೆ ಸೂಜಿ ಜಾರಿ ಬಟ್ಟೆಯನ್ನು ಅರ್ಧ ಇಂಚು ಗೀರಿತ್ತು. ಕೈ ಮಿಡುಕಿದ ಜಾಗ.

ಲಾಡ್ಜಿನ ಹಾಸಿಗೆಯ ಮೇಲೆ ಕೂತು, ದೀಪದ ಕೆಳಗೆ, ಒಂದೊಂದಾಗಿ ಚುಚ್ಚಿದ್ದಾನೆ. ಆಮೇಲೆ ಕೋಚಿಗೆ ಫೋನ್ ಮಾಡಿ ನಕ್ಕಿದ್ದಾನೆ. ಮಾರನೇ ದಿನ ಹದಿನೇಳು ಕುಳಿಗಳವರೆಗೆ ಬೆರಳು ಆ ತೂತುಗಳನ್ನು ನಂಬಿದೆ. ಹದಿನೆಂಟರಲ್ಲಿ ಬಗ್ಗಿ ನೋಡಿದ್ದಾನೆ.

ಮಾತು ಗುನ್ಸಾನ್‌ವರೆಗೂ ಹೋಗಿತ್ತು.

ಅವಳು ಅಳಲಿಲ್ಲ. ಸೂಜಿಯನ್ನು ತೆಗೆದು ತನ್ನ ಡಬ್ಬಿಗೆ ಹಾಕಿದಳು. ಜರ್ಕಿನ್ ಅನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಿಚಿ, ಕಾಗದದ ಚೀಲದಲ್ಲಿಟ್ಟು, ಹಾರಿಮ್ ಅಭ್ಯಾಸ ಮಾಡುವ ಹನಾಮ್‌ಗೆ ಹೋಗುವ ಬಸ್ಸು ಹತ್ತಿದಳು.

ಹಾರಿಮ್ ಅಲ್ಲಿನ ಒಳಾಂಗಣದ ಹಸಿರು ಹಾಸಿನ ಮೇಲೆ ಪಟ್ ಮಾಡುತ್ತಿದ್ದ. ಅವನ ಹಣೆಯ ಮೇಲೆ ಬ್ಯಾಂಕು, ತೋಳಿನ ಮೇಲೆ ವಿಮಾನ. ಅವಳನ್ನು ಕಂಡು ಓಡಿ ಬಂದು ಸೊಂಟದವರೆಗೆ ಬಗ್ಗಿದ.

"ಅಯ್ಯೋ ಅತ್ತಿಗೆ, ನೀವ್ಯಾಕೆ ಬರೋಕೆ ಹೋದ್ರಿ? ನಾನೇ ಬರ್ತಿದ್ದೆ. ಯಾರ ಕೈಲಾದ್ರೂ ಕಳಿಸಿದ್ರೆ ಆಗ್ತಿತ್ತು."

"ತಗೊಂಡದ್ದು ಅವರ ಕೈಯಿಂದ. ಕೊಡೋದು ನನ್ನ ಕೈಯಿಂದ ಆಗ್ಲಿ ಅಂತ."

"ಥ್ಯಾಂಕ್ಸ್ ಅತ್ತಿಗೆ. ಕಂಪನಿಯವರ ಕಾಟ, ಏನು ಮಾಡೋದು." ಚೀಲವನ್ನು ಬೆಂಚಿನ ಮೇಲಿಡಲು ಹೋದ.

"ತೆಗೆದು ನೋಡ್ಕೊಳ್ಳಿ. ಆಮೇಲೆ ಕಂಪನಿಯವರು ನಿಮ್ಮನ್ನ ಅಂದಾರು."

ಅವನು ಜರ್ಕಿನ್ ತೆಗೆದು ಬಿಡಿಸಿದ. ಮೇಲಿನ ದೀಪದ ಬೆಳಕು ಎಡ ಎದೆಯ ಮೂಲಕ ತೂರಿ ಅವನ ಕೈಮೇಲೆ ಚುಕ್ಕೆ ಚುಕ್ಕೆಯಾಗಿ ಬಿತ್ತು.

"ಅರೆ. ಇದೇನಿದು? ನಾನು ಕೊಟ್ಟಾಗ ಈ ತೂತು ಇರ್ಲಿಲ್ಲ."

ಹೇಳಿದ ಮೇಲೆ ಅವನಿಗೆ ಹೊಳೆಯಿತು. ಮುಖ ಕಿವಿಯವರೆಗೂ ಕೆಂಪೇರಿತು.

"ಇರ್ಲಿಲ್ಲ," ಎಂದಳು ದಾಜೊಂಗ್. "ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರಿಗೆ ಗೊತ್ತಿರ್ಲಿಲ್ಲ. ಹೊರಡೋ ಹಿಂದಿನ ಸಂಜೆ ನಾನು ಹೇಳ್ದೆ."

"ಹೇಳಿದ್ರಾ?"

"ಹೂಂ. ಆಮೇಲೆ ಅವರೇ ಮಾಡ್ಕೊಂಡ್ರು. ಸೂಜಿ ನಂದೇ."

ಹಾರಿಮ್‌ನ ಹೆಬ್ಬೆರಳು ತೂತುಗಳ ಮೇಲೆ ಹರಿಯಿತು. ಮೇಲಿನ ಸಾಲು. ಬಲಬದಿ. ಕೆಳಗೆ ಸೂಜಿ ಗೀರಿದ ಜಾಗಕ್ಕೆ ಬಂದು ನಿಂತಿತು. ಅವನು ಬೇಗನೆ ಜರ್ಕಿನ್ ಮುದುರಿ ಚೀಲಕ್ಕೆ ತುರುಕಿದ. ಪ್ಯಾಂಟಿಗೆ ಕೈ ಒರೆಸಿಕೊಂಡ.

"ಅತ್ತಿಗೆ, ನಾನು... ಒಳ್ಳೇದಾಗ್ಲಿ ಅಂತಲೇ..."

"ಗೊತ್ತು. ನಿಮ್ಮ ಅಭ್ಯಾಸ ಕೆಡಿಸ್ದೆ. ಮುಂದುವರಿಸಿ."

ಅವಳ ಮುಖ ನೋಡುವುದಕ್ಕಿಂತ ಅದೇ ಮೇಲು ಎನಿಸಿರಬೇಕು. ಅವನು ಹಾಸಿನ ಮೇಲೆ ಹೋಗಿ, ಕುಳಿಯಿಂದ ಎರಡಡಿ ದೂರಕ್ಕೆ ಒಂದು ಚೆಂಡು ಉರುಳಿಸಿಕೊಂಡ. ಪಟರ್ ಹಿಡಿದು ಬಗ್ಗಿದ. ನಿಂತ. ಹಿಡಿತ ಸಡಿಲಿಸಿ ಮತ್ತೆ ಹಿಡಿದ. ನಿಂತೇ ಇದ್ದ.

ಪಕ್ಕದ ಸಾಲಿನಲ್ಲಿ ಆಡುತ್ತಿದ್ದವನು ತಲೆಯೆತ್ತಿ ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ದಾಜೊಂಗ್ ತಿರುಗಿಸಲಿಲ್ಲ.